ಗ್ಲುಕೋಸ್ ಕಂಬ ಕಂಡ ಕೈತೋಟ

ನಾನು ಒಂದು ಗ್ಲುಕೋಸ್ ಕಂಬ. ರೋಗಿಯ ಮಂಚದ ಪಕ್ಕ ನಿಂತು, ತಲೆಯ ಕೊಕ್ಕೆಯಲ್ಲಿ ಬಾಟಲಿ ಹೊತ್ತು, ಅದು ತೊಟ್ಟು ತೊಟ್ಟಾಗಿ ಇಳಿದು ಮುಗಿಯುವ ತನಕ ಕಾಯುವುದು ನನ್ನ ಕಸುಬು. ಹೇಳಲು ಸುಲಭ, ಮಾಡಿ ನೋಡಿದರೆ ತಿಳಿಯುತ್ತದೆ. ನನಗಂತೂ ಸಾಕಾಗಿಹೋಗಿದೆ. ಆದರೂ ಕೇಳುವವರು ನೀವಿದ್ದೀರಿ ಎಂದು ಹೇಳುತ್ತಿದ್ದೇನೆ, ನಡುನಡುವೆ ಗೊಣಗಿದರೆ ಬೇಸರ ಮಾಡಿಕೊಳ್ಳಬೇಡಿ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನ ಒಂದು ತಗಡಿನ ಶೆಡ್ಡಿನಲ್ಲಿ. ದಾವಲಸಾಬ್ ಎಂಬ ವೆಲ್ಡರ್ ಉದ್ದನೆಯ ಸ್ಟೀಲ್ ಪೈಪನ್ನು ಐದು ಕಾಲಿನ ಅಡಿಗೆ ಬೆಸೆದ. ಕಿಡಿ ಹಾರಿತು, ಮೈಯೆಲ್ಲ ಉರಿಯಿತು, ಕಣ್ಣು ಬಿಟ್ಟೆ. ಕಾಲಿಗೊಂದು ಗಾಲಿ, ತಲೆಗೆ ನಾಲ್ಕು ಕೊಕ್ಕೆ. ಗಟ್ಟಿ ಇದ್ದೇನೋ ಇಲ್ಲವೋ ನೋಡಲು ಅವನು ತನ್ನ ಊಟದ ಡಬ್ಬಿಯನ್ನು ನನಗೆ ನೇತುಹಾಕಿದ. "ನಡೀತೈತಿ ಬಿಡು, ಇದು ನಮಗಿಂತ ಹೆಚ್ಚು ದಿನ ಬಾಳತೈತಿ" ಎಂದು ಪಕ್ಕದವನಿಗೆ ಹೇಳಿದ. ಹೊಸದರಲ್ಲಿ ನನಗೂ ಹಾಗೇ ಅನ್ನಿಸಿತ್ತು.

ಮೊದಲು ನನ್ನನ್ನು ಹಾಕಿದ್ದು ಊರಿನ ಒಂದು ದೊಡ್ಡ ಆಸ್ಪತ್ರೆಯ ಗಂಡಸರ ವಾರ್ಡಿಗೆ. ಅಯ್ಯೋ, ಆ ವರ್ಷಗಳು! ಬಾಟಲಿ ಹೊರುವುದು ಒಂದು ಕಷ್ಟವೇ ಅಲ್ಲ. ರೋಗಿಯ ಕಡೆಯವರು ಒದ್ದೆ ಟವೆಲ್ಲು, ರೊಟ್ಟಿಯ ಗಂಟು, ಎಕ್ಸ್‌ರೇ ಚೀಲ ಎಲ್ಲವನ್ನೂ ನನಗೇ ತಗುಲಿಹಾಕುತ್ತಿದ್ದರು. ಒಬ್ಬ ಪೈಲ್ವಾನ ಕಳುವಾದೀತೆಂದು ತನ್ನ ಚಪ್ಪಲಿಯನ್ನೂ ನನ್ನ ತಲೆಗೇ ಸಿಕ್ಕಿಸಿದ್ದ. ಒಮ್ಮೊಮ್ಮೆ ಬಾಟಲಿ ಅರ್ಧ ಇರುವಾಗಲೇ ಮನುಷ್ಯ ಹೋಗಿಬಿಡುತ್ತಿದ್ದ. ಸಿಸ್ಟರ್ ಬಂದು ಪೈಪು ಬಿಚ್ಚಿ, ಅಳುವವರ ನಡುವಿನಿಂದ ನನ್ನನ್ನು ಎಳೆದು ಇನ್ನೊಬ್ಬನ ಮಂಚಕ್ಕೆ ಒಯ್ಯುತ್ತಿದ್ದಳು. ಮೊದಮೊದಲು ಸಂಕಟವಾಗುತ್ತಿತ್ತು. ಆಮೇಲೆ ಅದೂ ಆಗಲಿಲ್ಲ. ದಣಿವು ಅಂದರೆ ಅದೇ ಇರಬೇಕು.

ಮಕ್ಕಳ ವಾರ್ಡಿನಲ್ಲಿ ಕಂಬ ಸಾಲುತ್ತಿಲ್ಲವೆಂದು ಒಂದು ದಿನ ನನ್ನನ್ನು ಕೆಳಗಿನ ಮಹಡಿಗೆ ತಳ್ಳಿಕೊಂಡು ಹೋದರು. ಅಲ್ಲಿ ಇನ್ನೊಂದು ಥರದ ಪಾಡು. ದೊಡ್ಡವರು ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮಕ್ಕಳು ನೋಡುತ್ತಿದ್ದರು, ನೋಡಿದ ಕೂಡಲೇ ಕಿರುಚುತ್ತಿದ್ದರು. ನಾನು ಬಂದೆ ಅಂದರೆ ಹಿಂದೆಯೇ ಸೂಜಿ ಬಂತು ಎಂದು ಅವಕ್ಕೆ ಗೊತ್ತು. ಬಾಯಲ್ಲಿ ಇನ್ನೂ ಹಲ್ಲು ಮೂಡದ ಒಂದು ಪಾಪು ನನಗೆ ಥೂ ಎಂದು ಉಗುಳಿತ್ತು. ನನ್ನದೇನು ತಪ್ಪು, ಹೇಳಿ?

ಆ ವಾರ್ಡಿನ ಹಿಂದೆ ಹಳೇ ಮಂಚ, ಒಡೆದ ವಾಶ್‌ಬೇಸಿನ್ ಬಿಸಾಡುವ ಒಂದು ಅಂಗಳವಿತ್ತು. ಮೂಳೆ ಡಾಕ್ಟರ್ ಹೆರಕಲ್ ಮೇಡಂ ಹಠ ಹಿಡಿದು ಅದನ್ನು ಸ್ವಚ್ಛ ಮಾಡಿಸಿದರು. ವರಾಂಡದಿಂದ ಒಂದು ದಾರಿ. ಮೊದಲು ನುಣ್ಣನೆಯ ಸಿಮೆಂಟು, ಆಮೇಲೆ ಹುಲ್ಲು, ಕೊನೆಗೆ ಸಣ್ಣ ಉರುಟು ಕಲ್ಲು. ಅಂಗಾಲಿಗೆ ಒಂದೊಂದೂ ಬೇರೆ ಬೇರೆ ತಾಗಲಿ ಎಂದು. ಎರಡೂ ಬದಿಗೆ ದವನ, ಪುದೀನ, ಕಾಮಕಸ್ತೂರಿ. ದಾರಿ ಮುಗಿಯುವಲ್ಲಿ ಒಂದು ಬೇವಿನ ಗಿಡ, ಅದರ ಬುಡದಲ್ಲಿ ಮಕ್ಕಳು ಕೂಡಲು ಒಂದು ದುಂಡನೆಯ ಕರೀ ಕಲ್ಲು, ಕಲ್ಲಿನ ಸುತ್ತ ಮುಟ್ಟಿದರೆ ಮುನಿ.

"ಮೇಡಂ, ಇದು ದವಾಖಾನಿನೋ, ಗಾರ್ಡನ್ನೋ?" ಎಂದು ಆಸ್ಪತ್ರೆಯ ದೊಡ್ಡ ಸಾಹೇಬರು ಚೇಷ್ಟೆ ಮಾಡಿದರು.

"ಒಳಗ ಮಾತ್ರಿ ಒಲ್ಲೆ ಅನ್ನೂ ಹುಡುಗ್ರು ಇಲ್ಲಿ ಕುಂತು ನುಂಗ್ತಾವ್ರೀ ಸರ್. ನೀವ ಬಂದು ನೋಡ್ರಿ" ಎಂದರು ಮೇಡಂ.

ನಾನು ನೋಡಿದೆ. ವಾರ್ಡಿನಲ್ಲಿ ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದ ಮಕ್ಕಳು ಹುಲ್ಲಿನ ಮೇಲೆ ಬಟ್ಟಲು ಖಾಲಿ ಮಾಡಿದವು. ಸೂಜಿ ಚುಚ್ಚುವಾಗ ಒಬ್ಬ ಹುಡುಗ ದವನ ಮೂಸುತ್ತ ಹಲ್ಲು ಕಚ್ಚಿ ಕೂತಿದ್ದ, ಅತ್ತನೆಂದು ಹೇಳಲಾರೆ. ಮಧ್ಯಾಹ್ನ ನಿದ್ದೆಯೇ ಇಲ್ಲದ ಕೂಸುಗಳು ಅಲ್ಲಿ ತಾಯಿಯ ಹೆಗಲ ಮೇಲೆ ಮಲಗಿದವು. ರೋಗ ಅಲ್ಲಿ ವಾಸಿಯಾಗುತ್ತಿರಲಿಲ್ಲ, ಅದು ಔಷಧದ ಕೆಲಸ. ಆದರೆ ಹೆದರಿಕೆ ಇಳಿಯುತ್ತಿತ್ತು. ಯಾವುದೋ ಮಗು ನನ್ನ ಕೊಕ್ಕೆಗೂ ಒಂದು ದವನದ ಕಡ್ಡಿ ಸಿಕ್ಕಿಸಿತು. ಅಷ್ಟು ವರ್ಷದಲ್ಲಿ ಯಾರೂ ನನಗೆ ಕೊಟ್ಟದ್ದು ಅಂತ ಏನಾದರೂ ಇದ್ದರೆ ಅದೇ.

ಆಗ ಬಂದವಳು ದಾಕ್ಷಾಯಣಿ. ಎಂಟು ವರ್ಷದ ಹುಡುಗಿ, ಮನೆಯಲ್ಲಿ ದಾಕ್ಷಿ. ಗದಗದ ಕಡೆಯವರು. ತಾಯಿಗೆ ಹಸುಗೂಸು ಇದ್ದದ್ದರಿಂದ ಜೊತೆಗೆ ಬಂದದ್ದು ಅಜ್ಜಿ ಬಸಲಿಂಗವ್ವ, ದಾಕ್ಷಿ ಆಯಿ ಎನ್ನುತ್ತಿದ್ದಳು. ಹುಡುಗಿಯ ಎಡಗಾಲಿನ ಮೂಳೆಯಲ್ಲಿ ಕೀವು ಕಟ್ಟಿತ್ತು. ಮೇಡಂ ಕೊಯ್ದು ತೆಗೆದರು. ಇನ್ನು ವಾರಗಟ್ಟಲೆ ನರದ ಮೂಲಕ ಔಷಧ ಹೋಗಬೇಕು. ಆ ಔಷಧ ಹೊರಲು ನಾನು.

ಗಾಯ ಮಾಯುತ್ತ ಬಂತು. ಹುಡುಗಿ ಮಾತ್ರ ಕಾಲು ಊರಲಿಲ್ಲ. ಊರಿದರೆ ಮತ್ತೆ ಆ ನೋವು ಬರುತ್ತದೆ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಮೇಡಂ ಪಾದ ಹಿಡಿದು ನೋಡಿ ಅಜ್ಜಿಗೆ ಬಿಡಿಸಿ ಹೇಳಿದರು: "ಆಯಿ, ಎಲುಬು ಗಟ್ಟಿ ಆಗೇತಿ. ಆದ್ರ ಇಕಿ ಹಿಂಗ ಕಾಲು ಎತ್ತಿಕೊಂಡ ಕುಂತ್ರ ಪಾದ ಬಿಗದು ಹಂಗ ನಿಂತಬಿಡ್ತೈತಿ. ಆಮ್ಯಾಲೆ ಜೀವನಪೂರ್ತಿ ಕುಂಟಬೇಕಾಗ್ತೈತಿ. ನಡಸ್ರಿ."

ಬಸಲಿಂಗವ್ವ ನಡೆಸಲು ಮಾಡದ ಉಪಾಯವಿಲ್ಲ. ಬೆಲ್ಲ ತೋರಿಸಿದಳು, ಬೈದಳು, ಅತ್ತಳು. "ನನ್ನ ಬಂಗಾರಾ, ಒಂದ ಹೆಜ್ಜಿ ಇಡವಾ, ನಿನ್ನ ಕಾಲಿಗೆ ಬೀಳ್ತೀನಿ" ಎಂದಳು. ದಾಕ್ಷಿ ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು. ವಾರ್ಡಿನ ರೆಬೆಕ್ಕಾ ಸಿಸ್ಟರ್ ಒಂದು ದಿನ ಹುಡುಗಿಯನ್ನು ಗಾಲಿಕುರ್ಚಿಯಲ್ಲಿ ಕೂಡಿಸಿ, ನನ್ನನ್ನು ಜೊತೆಗೆ ತಳ್ಳಿಕೊಂಡು ತೋಟಕ್ಕೆ ಕರೆದೊಯ್ದಳು. ಅಲ್ಲಿ ಚಿಕ್ಕ ಹುಡುಗನೊಬ್ಬ ಕರೀ ಕಲ್ಲಿನ ಮೇಲೆ ಕೂತು ಎಲೆ ಮುಟ್ಟುತ್ತಿದ್ದ, ಎಲೆಗಳು ಮಡಚಿಕೊಳ್ಳುತ್ತಿದ್ದವು. ದಾಕ್ಷಿ ಕತ್ತು ಚಾಚಿ ಚಾಚಿ ನೋಡಿದಳು.

"ಕುರ್ಚಿ ಕಲ್ಲಿನ ತನಕ ಹೋಗೂದಿಲ್ಲ. ಬೇಕಂದ್ರ ನಡೀಬೇಕು" ಎಂದಳು ಸಿಸ್ಟರ್, ಬೇರೆಲ್ಲೋ ನೋಡುತ್ತ. ಜಾಣೆ ಅವಳು.

ಮರುದಿನ ದಾಕ್ಷಿ ನನ್ನ ಮೈಯನ್ನು ಎರಡೂ ಕೈಯಿಂದ ಹಿಡಿದು ಎದ್ದು ನಿಂತಳು. ಆ ಹಿಡಿತ! ಬೆವೆತ ಪುಟ್ಟ ಕೈಗಳು. ಸಿಸ್ಟರ್ ನನ್ನನ್ನು ಮುಂದೆ ತಳ್ಳಿದಂತೆಲ್ಲ ನಾನು ಹುಡುಗಿಯನ್ನು ಎಳೆದೆ. ಆವತ್ತು ಸಿಮೆಂಟಿನ ತನಕ. ಒಂದೆರಡು ದಿನ ಬಿಟ್ಟು ಹುಲ್ಲು. ಉರುಟು ಕಲ್ಲಿನಲ್ಲಿ ನನ್ನ ಗಾಲಿ ಉರುಳದೆ ನನ್ನ ಪ್ರಾಣವೇ ಹೋಯಿತು, ಆದರೂ ಹೋದೆವು. ಕಟ್ಟಿದ ಕಾಲಿಗೆ ಮೆತ್ತನೆಯ ಬೂಟು ಹಾಕಿದ ಹುಡುಗಿ ಕಲ್ಲಿನ ಮೇಲೆ ಕೂತು, ಎಲೆ ಮುಟ್ಟಿ, ಅದು ಮುನಿದಾಗ ನಕ್ಕಳು. ಬಸಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಸಂತೋಷವಾಯಿತು. ನನ್ನಂಥವನಿಗೂ ಆಗುತ್ತದೆ.

ಎಲ್ಲ ಸರಿಹೋಯಿತು ಎಂದುಕೊಂಡಿರಾ? ಕೇಳಿ ಮುಂದೆ.

ಮರುದಿನ ಬೆಳಿಗ್ಗೆ ಬಸಲಿಂಗವ್ವ ಮಿಂದು ಬಂದು, ಸಂಚಿಯಿಂದ ಅರಿಸಿನ ಕುಂಕುಮ ತೆಗೆದು, ಆ ಕಲ್ಲಿಗೆ ಹಚ್ಚಿ ಕೈ ಮುಗಿದಳು. ಬೇವಿನ ಗಿಡ, ಕೆಳಗೆ ದುಂಡು ಕಲ್ಲು, ಎದ್ದು ನಡೆದ ಮೊಮ್ಮಗಳು. ಅವಳ ಊರಿನಲ್ಲಿ ದೇವಿ ಹೀಗೇ ಇರುವುದು, ಇನ್ನೇನು ಬೇಕು ನಂಬಲು?

"ಆಯಿ, ಅದು ಹುಡುಗ್ರು ಕುಂದ್ರೂ ಕಲ್ಲು" ಎಂದಳು ರೆಬೆಕ್ಕಾ ಸಿಸ್ಟರ್.

"ನಿನಗೇನ ಗೊತ್ತವಾ ಸಿಸ್ಟರ್? ಕೂಸಿಗೆ ಕಾಲು ಕೊಟ್ಟಾಕಿ ಈಕಿ."

ಮಾತು ವಾರ್ಡಿನಿಂದ ವಾರ್ಡಿಗೆ ಹಬ್ಬಿತು. ಮಕ್ಕಳು ಮಲಗಿದ್ದಾರೆ, ತಾಯಂದಿರಿಗೆ ಎಲ್ಲಿ ಹೋಗಬೇಕು ಏನು ಮಾಡಬೇಕು ತೋಚುವುದಿಲ್ಲ, ಹಿತ್ತಲಲ್ಲೇ ಒಬ್ಬ ದೇವಿ ಸಿಕ್ಕರೆ ಬಿಡುತ್ತಾರೆಯೇ? ಒಬ್ಬಳು ಹೂ ಇಟ್ಟಳು. ಇನ್ನೊಬ್ಬಳು ಹಸಿರು ಬಳೆ ತಂದಳು. ಉಡಿ ತುಂಬಿದರು, ಕಾಯಿ ಒಡೆದರು, ಎಣ್ಣೆ ಸುರಿದರು. ಕಾಲ್ಕೊಟ್ಟವ್ವ ಎಂದು ಹೆಸರೂ ಆಯಿತು. ಮುಟ್ಟಿದರೆ ಮುನಿಯೆಲ್ಲ ಕಾಲಡಿಗೆ ಸಿಕ್ಕಿ ನೆಲಸಮವಾಯಿತು. ಮೊನ್ನೆ ತನಕ ಆ ಕಲ್ಲಿನ ಮೇಲೆ ಕೂತು ಬಿಸ್ಕತ್ತು ತಿಂದ ಮಕ್ಕಳನ್ನು ಈಗ ಹತ್ತಿರ ಸುಳಿಯಲು ಬಿಡರು.

ದಾಕ್ಷಿಯನ್ನೇ ಬಿಡಲಿಲ್ಲ ನೋಡಿ. ನಾವಿಬ್ಬರೂ ತೇಕುತ್ತ ಹೋಗಿ ತಲುಪಿದೆವು. ಬೇರೆ ವಾರ್ಡಿನ ಒಬ್ಬ ಹೆಂಗಸು ಕೈ ಅಡ್ಡ ಹಿಡಿದಳು: "ಏ ಹುಡುಗಿ, ಬೂಟು ಬಿಚ್ಚಿ ಬಾ. ದೇವರು ಐತಿ." ಬಿಚ್ಚುವಂತಿಲ್ಲ ಅದು. ಹುಡುಗಿ ತಲೆ ತಗ್ಗಿಸಿ ನಿಂತಳು. ಬಸಲಿಂಗವ್ವನೇ ಅವಳ ಭುಜ ಹಿಡಿದು ಹಿಂದಕ್ಕೆ ತಿರುಗಿಸಿದಳು. ದೇವಿಯ ಮಾತು ಬಂದಾಗ ಎದುರಾಡುವುದು ಹೇಗೆ?

ಕೊನೆಗೆ ಒಂದು ದಿನ ಕರ್ಪೂರದ ಬೆಂಕಿ ಒಣ ಎಲೆಗೆ ಹತ್ತಿ ಪುದೀನದ ಸಾಲು ಸುಟ್ಟಿತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ದೊಡ್ಡ ಸಾಹೇಬರು ಕಲ್ಲನ್ನು ತೆಗೆಯಿರಿ ಎಂದು ಜವಾನರಿಗೆ ಹೇಳಿದರು. "ಸಾಹೇಬ್ರ, ಬ್ಯಾರೆ ಏನರ ಹೇಳ್ರಿ, ಇದೊಂದು ಬ್ಯಾಡ" ಎಂದು ಅವರು ಹಿಂದೆ ಸರಿದರು. ಸಾಹೇಬರೇ ತೆಗೆಯಬಹುದಿತ್ತಲ್ಲ? ಅವರೂ ಮುಟ್ಟಲಿಲ್ಲ. "ಹಚ್ಚಿದವರು ಬಂದು ಕುಂಕುಮ ತಗೀಲಿ. ಅಲ್ಲೀತನಕ ತೋಟ ಬಂದ್" ಎಂದು ಬಾಗಿಲಿಗೆ ಬೀಗ ಜಡಿಸಿದರು. ಹೆರಕಲ್ ಮೇಡಂ ವಾದ ಮಾಡಿ ಮಾಡಿ ಸುಸ್ತಾದರು.

ಬೀಗ ಬಿದ್ದದ್ದು ತೋಟಕ್ಕೆ, ನಿಂತದ್ದು ಹುಡುಗಿಯ ಕಾಲು. ವರಾಂಡದಲ್ಲಿ ನಡೆ ಎಂದರೆ ದಾಕ್ಷಿ ನಡೆಯಳು. ಅಲ್ಲಿ ಫಿನಾಯಿಲ್ ವಾಸನೆ, ಸ್ಟ್ರೆಚರ್ ಓಡಾಟ, ಎದುರಿಗೆ ಡ್ರೆಸ್ಸಿಂಗ್ ರೂಮು. ಮತ್ತೆ ಮಂಚ ಹಿಡಿದಳು, ಮತ್ತೆ ದಿಂಬು. ಊಟ ಬಿಟ್ಟಳು. ನಾನು ಪಕ್ಕದಲ್ಲಿ ನಿಂತೇ ಇದ್ದೆ, ಅವಳು ನನ್ನ ಮೇಲೆ ಕೈಯಿಡಲಿಲ್ಲ. ವಾರಗಳು ಹೋದವು. ಬಾಗಿಲ ಸರಳಿನಾಚೆ ತೋಟ ಕಾಣುತ್ತಿತ್ತು, ಯಾರೂ ತುಳಿಯದ ಹುಲ್ಲು ಎತ್ತರಕ್ಕೆ ಬೆಳೆದಿತ್ತು.

ಮೇಡಂ ಪಾದ ಮೇಲೆತ್ತಲು ನೋಡಿದರು. ಅದು ಏಳಲಿಲ್ಲ. "ಆಯಿ, ನಾ ಹೇಳಿದ್ದು ಸುರು ಆಗೇತಿ. ಇನ್ನೂ ಸ್ವಲ್ಪ ದಿನ ಹಿಂಗ ಬಿಟ್ರ ನನ್ನ ಕೈಯಾಗೂ ಉಳಿಯೂದಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. ಅದು ನನಗೆ ಚೆನ್ನಾಗಿ ಗೊತ್ತಿರುವ ದನಿ.

ಆ ಸಂಜೆಯೆಲ್ಲ ಬಸಲಿಂಗವ್ವ ಮಂಚದ ಕಾಲಿಗೆ ಒರಗಿ ಕೂತಿದ್ದಳು. ರೊಟ್ಟಿ ಬಿಚ್ಚಲಿಲ್ಲ. "ದೇವಿನ್ನ ಅಲ್ಲಿ ಕೂಡಿಸಿದಾಕಿ ನಾನ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅವಳ ಕಣ್ಣಿನಲ್ಲಿ ಹೆದರಿಕೆ ಎದ್ದು ಕಾಣುತ್ತಿತ್ತು. ಹಚ್ಚಿದ ಕುಂಕುಮವನ್ನು ಕೈಯಾರೆ ಅಳಿಸುವುದು ಎಂದರೆ ಅವಳಂಥವಳಿಗೆ ಸುಮ್ಮನೆ ಮಾತಲ್ಲ.

ಬೆಳಿಗ್ಗೆ ಹೋಗಿ ಸಾಹೇಬರಿಂದ ಬೀಗ ತೆಗೆಸಿದಳು. ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಒಂದು ತಂಬಿಗೆ ಹಿಡಿದು ಒಳಗೆ ನಡೆದಳು. ದಾಕ್ಷಿಯ ಔಷಧ ಏರುತ್ತಿತ್ತು. ಸಿಸ್ಟರ್ ಗಾಲಿಕುರ್ಚಿಯನ್ನೂ ನನ್ನನ್ನೂ ಸಿಮೆಂಟಿನ ಕೊನೆಯಲ್ಲಿ ನಿಲ್ಲಿಸಿದಳು. ಸುದ್ದಿ ತಿಳಿದು ಹೆಂಗಸರೂ ಸೇರಿದರು.

"ಏ ಮುದುಕಿ, ಬುದ್ಧಿ ಐತಿಲ್ಲ?" ಎಂದು ಒಬ್ಬಳು ಮುಂದೆ ನುಗ್ಗಿದಳು. ಕೂದಲು ಕೆದರಿತ್ತು, ಎಷ್ಟೋ ದಿನದಿಂದ ನಿದ್ದೆ ಇಲ್ಲದ ಮುಖ. ಅವಳ ಮಗ ಮೇಲಿನ ಐಸಿಯುನಲ್ಲಿದ್ದ. "ನನ್ನ ಮಗನ್ನ ಈಕಿ ಉಡಿಯಾಗ ಹಾಕೀನಿ ನಾನು. ನೀ ಅಳಿಸಿದ್ರ ಅವಂಗೇನರ ಆದ್ರ?"

ಬಸಲಿಂಗವ್ವ ಅವಳ ಎರಡೂ ಕೈ ಹಿಡಿದುಕೊಂಡಳು. "ತಂಗೀ, ಏನರ ಆಗೂದಿದ್ರ ನನಗ ಆಗಲಿ. ನಿನ್ನ ಮಗಗ ಅಲ್ಲ. ಕೇಳು, ಅದನ್ನ ಈಗ ಆಕೀಗೆ ಹೇಳ್ತೀನಿ."

ಮೊದಲು ಉಡಿ ತುಂಬಿದಳು. ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಬಾಳೆಹಣ್ಣು. ತವರಿಗೆ ಬಂದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತುಂಬುವ ಹಾಗೆ. ಆಮೇಲೆ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಯವ್ವಾ, ಬಾ ಅಂತ ಕರದಾಕಿ ನಾನ. ಹೋಗಿ ಬಾ ಅನ್ನಾಕಿನೂ ನಾನ. ನಿನಗ ಸಿಟ್ಟು ಬಂದ್ರ ನನ್ನ ಮ್ಯಾಲೆ ತೀರಿಸ್ಕೋ, ನನ್ನ ಕಣ್ಣು ಕಸಕೋ, ಕೈ ಕಾಲು ಕಸಕೋ. ಈ ಕೂಸುಗೋಳ ಗೊಡವಿಗೆ ಹೋಗಬ್ಯಾಡ. ಇದು ಅವರು ಕುಂದ್ರೂ ಜಾಗಾ."

ತಂಬಿಗೆಯ ನೀರು ಸುರಿದಳು. ಕೈಯಿಂದ ಉಜ್ಜಿದಳು. ಎಣ್ಣೆ ಹಿಡಿದ ಕುಂಕುಮ ಬೇಗ ಹೋಗಲಿಲ್ಲ. ಉಜ್ಜಿದಷ್ಟೂ ಅವಳ ಕೈ ಕೆಂಪಾಗುತ್ತ ಹೋಯಿತು. ಯಾರೂ ತಡೆಯಲಿಲ್ಲ, ಯಾರೂ ಕೈ ಹಚ್ಚಲೂ ಇಲ್ಲ. ಐಸಿಯುನ ಆ ತಾಯಿ ಅಳುತ್ತ ಮೇಲೆ ಹೋದಳು. ಅವಳ ಮಗ ಉಳಿದನೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನು ಆ ವಾರ್ಡಿನವನಲ್ಲ. ಈಗಲೂ ಒಮ್ಮೊಮ್ಮೆ ನೆನಪಾಗುತ್ತದೆ.

ಕಲ್ಲು ಮತ್ತೆ ಕರ್ರಗಾಯಿತು. ಬಸಲಿಂಗವ್ವ ತಿರುಗಿ, "ಬಾ ದಾಕ್ಷಿ, ಕುಂದ್ರು ಬಾ ಇದರ ಮ್ಯಾಲೆ" ಎಂದಳು.

ದಾಕ್ಷಿ ಅಜ್ಜಿಯ ಕೈ ನೋಡಿದಳು, ಕಲ್ಲು ನೋಡಿದಳು. ನನ್ನನ್ನು ಹಿಡಿದು ಎದ್ದಳು. ಕಾಲು ಊರಿದಳು. ಮುಖ ಕಿವುಚಿದಳು. "ನೋಯ್ತೈತಿ ಆಯಿ" ಎಂದಳು. "ನೋಯಲಿ, ಬಾ" ಎಂದಳು ಮುದುಕಿ. ಒಂದು ಹೆಜ್ಜೆ. ಮತ್ತೊಂದು. ಸಿಸ್ಟರ್ ನನ್ನನ್ನು ತಳ್ಳಲು ಮರೆತು ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದಳು. ಉರುಟು ಕಲ್ಲಿನ ಅಂಚಿಗೆ ಬಂದೆವು. ಅಷ್ಟರಲ್ಲಿ ಹುಡುಗಿಗೆ ಕಂಡಿತು. ಬೀಗ ಹಾಕಿದ ವಾರಗಳಲ್ಲಿ ಯಾರ ಕಾಲೂ ಬೀಳದೆ, ಕಲ್ಲಿನ ಸುತ್ತ ಮುಟ್ಟಿದರೆ ಮುನಿ ಮತ್ತೆ ಚಿಗುರಿತ್ತು.

"ಆಯೀ, ಬಂದೈತಿ!" ಎಂದು ಕೂಗಿ ದಾಕ್ಷಿ ಮುಂದೆ ಹೋದಳು. ನನ್ನನ್ನು ಬಿಟ್ಟು ಹೋದಳು. ಪೈಪು ಬಿಗಿಯಾಯಿತು. ಅಲ್ಲಿಯ ತನಕ ನಾನು ಅವಳನ್ನು ಎಳೆಯುತ್ತಿದ್ದೆ, ಆವತ್ತು ಅವಳು ನನ್ನನ್ನು ಎಳೆದಳು. ನನ್ನ ಗಾಲಿ ಅಂಚಿಗೆ ಸಿಕ್ಕಿಕೊಂಡಿತು. ನಾನು ಧಡಾರನೆ ಮಗುಚಿದೆ. ಅಡಿಯ ಬೆಸುಗೆ ಬಿಟ್ಟು ಎರಡು ಕಾಲು ಮುರಿದವು, ಬಾಟಲಿ ಹುಲ್ಲಿನೊಳಗೆ ಉರುಳಿತು.

"ಏ ಹುಚ್ಚ ಹುಡುಗಿ, ಪೈಪು!" ಎಂದು ಸಿಸ್ಟರ್ ಓಡಿದಳು. ಪೈಪು ಬಾಟಲಿಯ ಬಾಯಿಂದ ಕಳಚಿತ್ತು ಅಷ್ಟೆ, ಕೈಯ ಸೂಜಿ ಅಲ್ಲಾಡಿರಲಿಲ್ಲ. ದಾಕ್ಷಿಗೆ ಇದಾವುದರ ಪರಿವೆಯೂ ಇಲ್ಲ. ಕಲ್ಲಿನ ಮೇಲೆ ಕೂತು ಎಲೆ ಮುಟ್ಟುತ್ತಿದ್ದಳು. ಬಸಲಿಂಗವ್ವ ನೆಲದ ಮೇಲೆ ಕುಸಿದು, ಕೆಂಪು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬಿದ್ದಲ್ಲಿಂದ ನನಗೆ ಇಬ್ಬರೂ ಅಡ್ಡಡ್ಡಲಾಗಿ ಕಾಣುತ್ತಿದ್ದರು. ನೋವಿತ್ತು, ಇಲ್ಲ ಎನ್ನಲಾರೆ.

ನನ್ನನ್ನು ರಿಪೇರಿ ಮಾಡಿಸುವುದಕ್ಕಿಂತ ಹೊಸದು ತರುವುದೇ ಸಲೀಸು ಎಂದರು. ವರಾಂಡದ ಕೊನೆಯಲ್ಲಿ ಮೆಟ್ಟಿಲಿನ ಕೆಳಗೆ, ಮುರಿದ ಮಂಚಗಳ ಜೊತೆ ನನ್ನನ್ನು ಗೋಡೆಗೆ ಒರಗಿಸಿದರು. ಗುಜರಿಯವನು ಬಂದಾಗ ಒಯ್ಯುತ್ತಾನಂತೆ. ಇನ್ನೂ ಬಂದಿಲ್ಲ. ಬಂದರೂ ಸರಿ, ಬಾರದಿದ್ದರೂ ಸರಿ. ಮೈ ತುಂಬ ಧೂಳು. ಯಾರೂ ಏನೂ ನೇತುಹಾಕುವುದಿಲ್ಲ, ಅದೊಂದು ಸುಖ.

ಮೊನ್ನೆ ತಪಾಸಣೆಯ ದಿನ ವರಾಂಡದಲ್ಲಿ ದಡಬಡ ಸದ್ದಾಯಿತು. ಲಂಗ ಎತ್ತಿಕೊಂಡು ಒಬ್ಬ ಹುಡುಗಿ ತೋಟದ ಕಡೆ ಓಡಿಬಂದಳು. ಎಡಗಾಲಿನಲ್ಲಿ ಉದ್ದನೆಯ ಗಾಯದ ಗುರುತು. ನನ್ನ ಪಕ್ಕದಲ್ಲೇ ಹಾದಳು. ನನ್ನ ಕಡೆ ತಿರುಗಿ ನೋಡಲಿಲ್ಲ, ಗುರುತೂ ಹಿಡಿಯಲಿಲ್ಲ.

ಹಿಂದಿನಿಂದ ಬಸಲಿಂಗವ್ವ ಏದುಸಿರು ಬಿಡುತ್ತ ಬಂದಳು. "ಏ ದಾಕ್ಷಿ, ನಿಂದ್ರ! ಓಡಬ್ಯಾಡ, ಬೀಳ್ತಿ! ಎವ್ವಾ, ಈಕಿ ಹಿಂದ ಓಡಿ ಓಡಿ ಸಾಕಾತು ನನಗ" ಎಂದು ಬೈಯುತ್ತ, ಉಸಿರು ತೆಗೆದುಕೊಳ್ಳಲು ಕೈಗೆ ಸಿಕ್ಕಿದ್ದನ್ನು ಹಿಡಿದು ನಿಂತಳು. ಸಿಕ್ಕಿದ್ದು ನಾನು. ಮುದುಕಿಯ ಭಾರವೆಲ್ಲ ನನ್ನ ಮೇಲೆ ಬಿತ್ತು. ಮುರಿದ ಕಾಲಿನಲ್ಲಿ ತಡೆದುಕೊಂಡೆ. ಸ್ವಲ್ಪ ಹೊತ್ತಿಗೆ ಉಸಿರು ಹತೋಟಿಗೆ ಬಂತು, ಅವಳು ನನ್ನನ್ನು ಬಿಟ್ಟು ಮತ್ತೆ ಮೊಮ್ಮಗಳ ಹಿಂದೆ ಓಡಿದಳು.